ನೆರೆ ಬಂದ ಊರಿನಲ್ಲಿ ನೆಂಟರ ಕಾವಲು

ಊರಿಗೆ ನೆರೆ ಬಂದಾಗ ಪ್ರವಾಸಿ ಮೊದಲು ಮಾಡುವ ಕೆಲಸ ಫೋಟೊ ತೆಗೆಯುವುದು. ಆಮೇಲೆ ತನ್ನ ಕಾರು ಎಲ್ಲಿದೆ ಎಂದು ಹುಡುಕುತ್ತಾನೆ. ಕಾರು ನೀರಿನಲ್ಲಿದೆ ಎಂದು ಗೊತ್ತಾದ ಮೇಲೆ ಹಳದಿ ಜಾಕೆಟ್ ತೊಟ್ಟ ನನ್ನಂಥವನ ಕಡೆ ತಿರುಗಿ, ಇಲ್ಲಿ ಟಾಯ್ಲೆಟ್ ಎಲ್ಲಿದೆ ಎಂದು ಕೇಳುತ್ತಾನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಸಂಬಳ ಎಣಿಸಿಕೊಂಡದ್ದು ಹೆಚ್ಚುಕಡಿಮೆ ಆ ಪ್ರಶ್ನೆಗೆ ಉತ್ತರ ಹೇಳಿಯೇ.

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳ ಕಡೆಯ ಒಂದು ಜಿಲ್ಲಾ ಕೌನ್ಸಿಲಿನಲ್ಲಿ ನಾನು ತುರ್ತು ಯೋಜನಾ ಅಧಿಕಾರಿಯಾಗಿದ್ದೆ. ಊರಿನವರ ಚಿಂತೆ ಬೇರೆಯವರದು, ಹೊರಗಿನಿಂದ ಬಂದವರ ಚಿಂತೆ ನನ್ನದು. ಹೊಳೆ ಉಕ್ಕಿದಾಗ, ಹಿಮ ಬಿದ್ದು ರಸ್ತೆ ಮುಚ್ಚಿದಾಗ, ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದಾಗ ಪ್ರವಾಸಿಗರನ್ನು ಎಲ್ಲಿಗೆ ಕರೆದೊಯ್ಯಬೇಕು, ಏನು ತಿನ್ನಿಸಬೇಕು, ಹೇಗೆ ಮನೆ ಮುಟ್ಟಿಸಬೇಕು ಎಂಬುದನ್ನು ಮುಂಚೆಯೇ ಯೋಚಿಸಿಡುವ ಕೆಲಸ. ದಾವಣಗೆರೆಯಲ್ಲಿದ್ದ ನನ್ನ ಅತ್ತೆ ಕೊನೆಯವರೆಗೂ ನಾನು ಅಗ್ನಿಶಾಮಕ ದಳದಲ್ಲಿದ್ದೇನೆ ಎಂದೇ ನಂಬಿದ್ದರು. ಬರ್ಮಿಂಗ್‌ಹ್ಯಾಮಿನ ಗೆಳೆಯರು ನಾನು ಪ್ರವಾಸೋದ್ಯಮದಲ್ಲಿದ್ದೇನೆ ಎಂದುಕೊಂಡು ಹೋಟೆಲ್ ಬಾಡಿಗೆಯಲ್ಲಿ ರಿಯಾಯಿತಿ ಕೊಡಿಸು ಎನ್ನುತ್ತಿದ್ದರು. ಎರಡನ್ನೂ ತಿದ್ದಲು ಹೋಗಿ ಸೋತು ಕೈಬಿಟ್ಟೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಕೆಲವೊಮ್ಮೆ ನನ್ನನ್ನು ಹುಡುಕಿಕೊಂಡು ಬೀಸ್ಟನ್ನಿನ ನಮ್ಮ ಮನೆಗೆ ಬರುತ್ತಾರೆ. ಅವರ ಬಳಿ ಪದವಿ ಇದೆ, ಚೆಂದದ ನಕ್ಷೆಗಳಿವೆ, ಮಾತಿನಲ್ಲಿ ಧೈರ್ಯವಿದೆ. ನನ್ನ ಬಳಿ ಇರುವುದು ಎಡವಟ್ಟುಗಳ ನೆನಪು ಮಾತ್ರ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ, ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ.

ಕೆಲಸ ಸಿಕ್ಕಿದ್ದೇ ಒಂದು ಎಡವಟ್ಟು. ನನ್ನ ಹೆಂಡತಿ ವಸುಧಾ ಡಾಕ್ಟರು, ಬೀಸ್ಟನ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಜಿಪಿ ಆಗಿದ್ದಳು. ನಾನು ಅವಳ ಹಿಂದೆ ಸೂಟ್‌ಕೇಸ್ ಹಿಡಿದು ಬಂದ ಸಿವಿಲ್ ಎಂಜಿನಿಯರ್. ಕನ್ನಡ ಸಂಘದಲ್ಲಿ "ಇವರು ಡಾಕ್ಟರ್ ವಸುಧಾ ಅವರ ಯಜಮಾನರು" ಎಂದು ಪರಿಚಯ ಮಾಡಿಸಿದರೆ ಅಲ್ಲಿಗೆ ನನ್ನ ಚರಿತ್ರೆ ಮುಗಿಯುತ್ತಿತ್ತು. ಆಗ ಈ ಹುದ್ದೆಗೆ ಅರ್ಜಿ ಹಾಕಿದೆ. ಸಂದರ್ಶನ ಮಾಡಿದವಳು ಬ್ರೆಂಡಾ, ಲೀಡ್ಸ್ ಕಡೆಯ ಹೆಂಗಸು, ಆ ಕಡೆಯ ರೂಢಿಯಂತೆ ಎಲ್ಲರನ್ನೂ ಲವ್ ಎಂದೇ ಕರೆಯುವವಳು, ಬಹಳ ವರ್ಷ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕೂತು ಬಂದವಳು. ಮುಂದೆ ಅವಳೇ ನನ್ನ ಮೇಲಧಿಕಾರಿಯಾದಳು.

"ಮುದುಕರು ತುಂಬಿದ ಒಂದು ಕೋಚ್ ಬಸ್ಸು ನೀರಿನ ಮಧ್ಯೆ ನಿಂತಿದೆ. ಮೊದಲು ಏನು ಮಾಡ್ತೀಯ?" ಎಂದು ಕೇಳಿದಳು.

ನಾನು ಉತ್ಸಾಹದಿಂದ ಹೊಳೆಯ ಅಗಲ, ಆಳ, ನೀರಿನ ವೇಗ ಎಲ್ಲ ಹಿಡಿದು ಬಿಳಿ ಹಲಗೆಯ ಮೇಲೆ ಲೆಕ್ಕ ಬರೆದೆ. ಹಲಗೆ ತುಂಬಿತು. ಬ್ರೆಂಡಾ ಬಿಸ್ಕತ್ತು ಮುರಿಯುತ್ತಾ ಕಾದಳು. ನಾನು ಮುಗಿಸಿದ ಮೇಲೆ, "ತುಂಬಾ ಚೆನ್ನಾಗಿದೆ, ಲವ್. ಇಷ್ಟು ಹೊತ್ತಿಗೆ ಬಸ್ಸಿನಲ್ಲಿರೋ ಅಷ್ಟೂ ಜನರಿಗೆ ಒಂದಕ್ಕೆ ಅವಸರ ಆಗಿದೆ" ಎಂದಳು. ಇನ್ನೊಬ್ಬ ಅಭ್ಯರ್ಥಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬರಲೇ ಇಲ್ಲವಾದ್ದರಿಂದ ಕೆಲಸ ನನಗೆ ಬಂತು.

ಮೊದಲ ಚಳಿಗಾಲದಲ್ಲೇ ಗುಡ್ಡದ ಮೇಲಿನ ರಸ್ತೆಯಲ್ಲಿ ಹಿಮ ಬಿದ್ದು ಕಾರುಗಳು ಸಾಲಾಗಿ ನಿಂತವು. ಜನರನ್ನು ಇಳಿಸಿ ಒಂದು ಬೆಚ್ಚನೆಯ ಜಾಗಕ್ಕೆ ಸೇರಿಸಬೇಕು. ನಕ್ಷೆಯಲ್ಲಿ ಹತ್ತಿರದಲ್ಲೇ ಒಂದು ಶಾಲೆ ಕಾಣಿಸಿತು. ಹೀಟರ್ ಇದೆ, ಅಡುಗೆಮನೆ ಇದೆ, ಟಾಯ್ಲೆಟ್ ಇದೆ. ಬ್ರೆಂಡಾಳ ಪಾಠ ನೆನಪಿತ್ತು, ಟಾಯ್ಲೆಟ್ ಎಷ್ಟಿವೆ ಎಂದು ಫೋನ್ ಮಾಡಿ ಕೇಳಿಯೂ ಕೇಳಿದೆ. ಹನ್ನೆರಡು ಎಂದರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದು ಶಿಶುಗಳ ಶಾಲೆ ಎಂಬುದನ್ನು ಕೇಳಿರಲಿಲ್ಲ. ಮ್ಯಾಂಚೆಸ್ಟರಿನ ಲಾರಿ ಚಾಲಕರು, ಹನಿಮೂನಿಗೆ ಹೊರಟಿದ್ದ ಒಂದು ಜೋಡಿ, ಮೊಣಕಾಲು ನೋವಿನ ಅಜ್ಜಂದಿರು ಎಲ್ಲರೂ ಮೊಣಕಾಲಿಗಿಂತ ಕೆಳಗಿದ್ದ ಕೆಂಪು ನೀಲಿ ಕುರ್ಚಿಗಳ ಮೇಲೆ ಕೂತು ಸೂಪ್ ಕುಡಿದರು. ಟಾಯ್ಲೆಟ್‌ಗಳು ಹನ್ನೆರಡೂ ಇದ್ದವು, ಐದು ವರ್ಷದವರ ಅಳತೆಗೆ. ಕೂತವರನ್ನು ಎಬ್ಬಿಸಲು ಹೊರಗೆ ಒಬ್ಬರು ನಿಲ್ಲಬೇಕಾಯಿತು. ಅಂದಿನಿಂದ ಯಾವುದೇ ಕಟ್ಟಡವನ್ನು ನನ್ನ ಯೋಜನೆಯಲ್ಲಿ ಸೇರಿಸುವ ಮೊದಲು ನಾನೇ ಹೋಗಿ ಎಲ್ಲದರ ಮೇಲೂ ಒಮ್ಮೆ ಕೂತು ನೋಡಿ ಬರುತ್ತಿದ್ದೆ. ಪಾದ್ರಿಗಳು, ಮುಖ್ಯೋಪಾಧ್ಯಾಯರು ನನ್ನನ್ನು ವಿಚಿತ್ರವಾಗಿ ನೋಡಿದ್ದುಂಟು.

ಇನ್ನೊಂದು ಸಲ ನಾವೊಂದು ಅಣಕು ಕಾರ್ಯಾಚರಣೆ ಮಾಡಿದೆವು. ಅಣೆಕಟ್ಟಿಗೆ ಅಪಾಯ ಬಂದಿದೆ, ಹೊಳೆಯ ದಂಡೆಯಲ್ಲಿರುವ ಪ್ರವಾಸಿಗರನ್ನು ತೆರವು ಮಾಡಬೇಕು ಎಂಬ ಕಲ್ಪನೆ. ಕಾಲೇಜಿನ ಮಕ್ಕಳು, ಅವರ ಮೇಷ್ಟರುಗಳು ಪ್ರವಾಸಿಗರ ವೇಷ ಹಾಕಿದ್ದರು. ಕೆಲವರು ಗೋಳಾಡಬೇಕು, ಕೆಲವರು ಬರಲ್ಲ ಎಂದು ಜಗಳ ತೆಗೆಯಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ನನ್ನ ಪಾಲಿಗೆ ಸಿಕ್ಕ ನಡುವಯಸ್ಸಿನ ದಂಪತಿ ಅದ್ಭುತವಾಗಿ ಜಗಳ ತೆಗೆದರು. ಆತ ಕೂಗಾಡಿದ, ಆಕೆ ಸ್ಯಾಂಡ್‌ವಿಚ್ ಡಬ್ಬಿ ಬಿಡಲೊಲ್ಲಳು. ಎಂಥ ನಟನೆ ಎಂದು ಮೆಚ್ಚಿಕೊಂಡು ಇಬ್ಬರನ್ನೂ ವ್ಯಾನಿಗೆ ಹತ್ತಿಸಿ ಪಕ್ಕದ ಊರಿಗೆ ಸಾಗಿಸಿದೆ. ಅಲ್ಲಿ ಬ್ರೆಂಡಾ ಅವರ ಹೆಸರು ಕೇಳಿದಾಗ ಗೊತ್ತಾಯಿತು, ಅವರು ಯಾರ ವೇಷವನ್ನೂ ಹಾಕಿರಲಿಲ್ಲ. ಮದುವೆಯ ವಾರ್ಷಿಕೋತ್ಸವಕ್ಕೆಂದು ದಂಡೆಯಲ್ಲಿ ಊಟಕ್ಕೆ ಕೂತವರು. ಅವರನ್ನು ವಾಪಸು ಬಿಟ್ಟು ಬರುವ ದಾರಿಯುದ್ದಕ್ಕೂ ನಾನು ಕ್ಷಮೆ ಕೇಳಿದೆ. ಆತ ಕಿಟಕಿಯಿಂದ ಆಚೆ ನೋಡುತ್ತಾ ಒಂದೇ ಮಾತು ಹೇಳಿದ: "ನಿಜವಾಗಿ ನೆರೆ ಬಂದರೂ ನಿನ್ನನ್ನು ಮಾತ್ರ ಕಳಿಸಬೇಡಿ ಅಂತ ನಿಮ್ಮ ಆಫೀಸಿನವರಿಗೆ ಹೇಳು."

ಕಾಲ ಬದಲಾದಂತೆ ವಿಧಾನವೂ ಬದಲಾಯಿತು. ಮೊದಲು ನಾವು ಧ್ವನಿವರ್ಧಕ ಹಿಡಿದು ಕಾರ್ ಪಾರ್ಕುಗಳಲ್ಲಿ ಕೂಗುತ್ತಿದ್ದೆವು. ಹೋಟೆಲಿನ ಮಾಲೀಕರಿಗೆ ಒಬ್ಬರ ನಂತರ ಒಬ್ಬರಿಗೆ ಫೋನ್ ಮಾಡುತ್ತಿದ್ದೆವು. ಆಮೇಲೆ ಎಲ್ಲರ ಮೊಬೈಲಿಗೂ ಒಟ್ಟಿಗೆ ಎಚ್ಚರಿಕೆ ಕಳಿಸುವ ಸೌಲಭ್ಯ ಬಂತು. ಇನ್ನು ನಮ್ಮ ಕೆಲಸ ಹಗುರವಾಯಿತು ಎಂದುಕೊಂಡೆ. ಹೊಳೆ ಅಪಾಯದ ಮಟ್ಟ ಮುಟ್ಟಿದೆ, ದಂಡೆಗೆ ಬರಬೇಡಿ ಎಂದು ನಾನು ಕಳಿಸಿದ ಮೊದಲ ಸಂದೇಶ ಓದಿ, ಅಲ್ಲಿಯವರೆಗೆ ಕೆಫೆಯಲ್ಲಿ ತೆಪ್ಪಗೆ ಕೂತಿದ್ದವರೆಲ್ಲ ಎದ್ದು ದಂಡೆಗೆ ಬಂದರು. ಅಪಾಯದ ಮಟ್ಟ ಹೇಗಿರುತ್ತದೆ ಎಂದು ನೋಡಬೇಕಿತ್ತಂತೆ. ಆಮೇಲಿನ ಸಂದೇಶಗಳಲ್ಲಿ ಹೊಳೆಯ ಮಾತೇ ಎತ್ತದೆ, ಬಿಸಿ ಚಹಾ ಎಲ್ಲಿ ಸಿಗುತ್ತದೆ ಎಂದಷ್ಟೇ ಬರೆಯತೊಡಗಿದೆ. ಜನ ಅತ್ತ ನಡೆದರು.

ಇಷ್ಟೆಲ್ಲ ಆಗಿ, ನಿವೃತ್ತಿಗೆ ಇನ್ನೊಂದೆರಡು ವರ್ಷ ಇರುವಾಗ, ನನ್ನ ವೃತ್ತಿಯಲ್ಲಿ ನಾನು ಮಿಂಚಲೇಬೇಕಾದ ದಿನ ಬಂತು. ಆಗಸ್ಟ್ ತಿಂಗಳು. ಬೆಳಿಗ್ಗೆಯಿಂದ ಮಳೆ ಬಡಿದು ಹೊಳೆಯ ಮೇಲಿನ ಸೇತುವೆ ಮುಚ್ಚಿತು. ಹೊಳೆಯಾಚೆಯ ಸಣ್ಣ ಪ್ರವಾಸಿ ಊರಿನಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಬಂದ ಒಂದು ಕೋಚ್ ಸಿಕ್ಕಿಕೊಂಡಿದೆ ಎಂದು ಸುದ್ದಿ. ಅದರಲ್ಲಿದ್ದವರು ಯಾರು ಎಂದು ಕೇಳಿದಾಗ ನನಗೆ ರೋಮಾಂಚನವಾಯಿತು. ಕರ್ನಾಟಕದಿಂದ ಬಂದ ಅಪ್ಪ ಅಮ್ಮಂದಿರು! ಹಾರ್ಬೋರ್ನ್, ವುಲ್ವರ್‌ಹ್ಯಾಂಪ್ಟನ್ ಕಡೆಯ ನಮ್ಮ ಡಾಕ್ಟರುಗಳು ಬೇಸಿಗೆಯಲ್ಲಿ ತಂದೆತಾಯಿಯರನ್ನು ಆರು ತಿಂಗಳ ವೀಸಾದಲ್ಲಿ ಕರೆಸಿಕೊಳ್ಳುತ್ತಾರೆ. ಮಕ್ಕಳು ಪಾಳಿಯ ರೋಟಾ ಪ್ರಕಾರ ಆಸ್ಪತ್ರೆಗೆ ಹೋದರೆ ಹಿರಿಯರು ಮನೆಯಲ್ಲಿ ಕೂತು ಬೇಲಿಯ ಮೇಲಿನ ಅಳಿಲು ನೋಡುತ್ತಾರೆ. ಅವರಿಗೆ ಬೇಸರವಾಗದಿರಲಿ ಎಂದು ಕನ್ನಡ ಸಂಘದವರು ಒಂದು ದಿನದ ಪ್ರವಾಸ ಹೊರಡಿಸಿದ್ದರು.

"ನಿನ್ನ ಜನ, ಲವ್. ನೀನೇ ಹೋಗು" ಎಂದಳು ಬ್ರೆಂಡಾ.

ನಾನು ಎದೆ ಉಬ್ಬಿಸಿಕೊಂಡು ಹೊರಟೆ. ಏಷ್ಯಾದ ಪ್ರವಾಸಿಗರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಇಡೀ ಕೌನ್ಸಿಲಿಗೆ ಕೈಪಿಡಿ ಬರೆದುಕೊಟ್ಟವನೇ ನಾನು. ಸಸ್ಯಾಹಾರ ಪ್ರತ್ಯೇಕವಾಗಿರಲಿ, ಚಪ್ಪಲಿ ಬಿಡಲು ಜಾಗ ಇರಲಿ, ಹಿರಿಯರನ್ನು ಹೆಸರು ಹಿಡಿದು ಕೂಗಬೇಡಿ ಎಂದೆಲ್ಲ ಬರೆದು ನನ್ನಷ್ಟು ತಿಳಿದವರಿಲ್ಲ ಎಂಬ ಭಾವನೆಯಲ್ಲಿದ್ದೆ. ಒಬ್ಬ ರೈತ ತನ್ನ ಟ್ರ್ಯಾಕ್ಟರಿನಲ್ಲಿ ಮೇಲಿನ ಹಾದಿಯಿಂದ ಸುತ್ತಿಸಿ ನನ್ನನ್ನು ಆಚೆ ದಡ ಮುಟ್ಟಿಸಿದ.

ಹಿರಿಯರನ್ನೆಲ್ಲ ಗುಡ್ಡದ ಮೇಲಿನ ಚರ್ಚ್ ಹಾಲಿಗೆ ಹತ್ತಿಸಿ ಕೂರಿಸಿದ್ದರು. ಸೀರೆಯ ಮೇಲೆ ಕೋಟು, ಕಾಲಿಗೆ ಮೊಮ್ಮಕ್ಕಳ ಸ್ಪೋರ್ಟ್ಸ್ ಶೂ, ತಲೆಗೆ ಉಣ್ಣೆಯ ಟೋಪಿ. ನಾನು ಬಾಗಿಲಲ್ಲೇ ನಿಂತು "ನಮಸ್ಕಾರ, ಯಾರೂ ಗಾಬರಿ ಆಗಬೇಡಿ" ಎಂದು ಕನ್ನಡದಲ್ಲಿ ಘೋಷಿಸಿದೆ. ಗಾಬರಿಯೇನೂ ಇರಲಿಲ್ಲ. ಬದಲಿಗೆ ಹಾಲಿನ ತುಂಬ ಖುಷಿ ಹರಿದಾಡಿತು. "ಯಾವೂರು ನಿಮ್ಮದು?" "ದಾವಣಗೆರೇಲಿ ಯಾವ ಬಡಾವಣೆ?" "ಮಕ್ಕಳೆಷ್ಟು?" "ಮನೆ ಸಾಲ, ಮಾರ್ಟ್‌ಗೇಜ್ ತೀರಿತಾ?" ನಾನು ಅವರ ವಿವರ ಕೇಳುವ ಮೊದಲೇ ಅವರು ನನ್ನ ವಿವರ ಪೂರ್ತಿ ತೆಗೆದುಕೊಂಡರು. ನಾನು ಡಾಕ್ಟರ ಗಂಡ ಎಂದು ಗೊತ್ತಾದ ಮೇಲೆ ಒಬ್ಬರು, "ಹಾಗಾದ್ರೆ ನಿಮ್ಮ ಮನೆಯವರು ಬರಲ್ವಾ?" ಎಂದು ನನ್ನ ಹಿಂದೆ ಇಣುಕಿ ನೋಡಿದರು.

ಅಷ್ಟರಲ್ಲಿ ಮಕ್ಕಳ ಫೋನುಗಳು ಶುರುವಾದವು. ಹೃದಯದ ಡಾಕ್ಟರು, ಮೂಳೆಯ ಡಾಕ್ಟರು, ಕಣ್ಣಿನ ಡಾಕ್ಟರು ಎಲ್ಲರೂ ಒಟ್ಟಿಗೆ ನನಗೆ ಸೂಚನೆ ಕೊಡತೊಡಗಿದರು. ಒಬ್ಬರು ಕಾಲು ಎತ್ತಿಡಿಸಿ ಎಂದರೆ ಇನ್ನೊಬ್ಬರು ನಡೆದಾಡಿಸಿ ಎಂದರು. ನಾನು ಎಲ್ಲರಿಗೂ ಆಗಲಿ ಎಂದು ಹೇಳಿ ಯಾವುದನ್ನೂ ಮಾಡಲಿಲ್ಲ.

ಊರಿನ ಹೆಂಗಸು ಪಾಲಿನ್ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಅವಳ ಹಿಂದೆ ನಾನು ಪ್ರತಿಯೊಬ್ಬರನ್ನೂ ಊಟ ಆಯಿತಾ ಎಂದು ಕೇಳುತ್ತಾ ಬಂದೆ. ಮೂಲೆಯ ಕುರ್ಚಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು ಕಣ್ಣುಮುಚ್ಚಿ ಕೂತಿದ್ದರು. ಅವರನ್ನು ಇಲ್ಲಿ ಸರೋಜಮ್ಮ ಎಂದು ಕರೆಯುತ್ತೇನೆ. ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ, ಹೆಸರು ಮಾತ್ರ ಬೇರೆ.

"ಊಟ ಆಯ್ತಾ ಅಮ್ಮ?"

"ಆಯ್ತಪ್ಪ."

ನಾನು ಸಂತೋಷದಿಂದ ಮುಂದಿನ ಕುರ್ಚಿಗೆ ಹೋದೆ. ಆ ಕುರ್ಚಿಯಲ್ಲಿದ್ದ ರಾಜಮ್ಮ ಎಂಬುವರು ನನ್ನ ಜಾಕೆಟ್ ಜಗ್ಗಿ ಪಿಸುಗುಟ್ಟಿದರು: "ಏನ್ರೀ ನೀವು, ಆಯ್ತು ಅಂದ್ರೆ ಆಗಿಬಿಡತ್ತಾ? ಅವರದು ಇವತ್ತು ಸಂಕಷ್ಟಿ. ಚಂದ್ರನ್ನ ನೋಡೋವರೆಗೂ ನೀರೂ ಮುಟ್ಟಲ್ಲ. ಶುಗರ್ ಬೇರೆ ಇದೆ."

ನಮ್ಮಲ್ಲಿ ಉಪವಾಸ ಮಾಡುವವರು ಉಪವಾಸ ಎಂದು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಎದುರಿನವರು ಹಣ್ಣಾದರೂ ತಿನ್ನಿ ಎಂದು ಪೀಡಿಸುತ್ತಾರೆ, ಆದ್ದರಿಂದ ಆಯ್ತು ಎಂದುಬಿಡುತ್ತಾರೆ. ನನ್ನ ತಾಯಿಯೂ ಹಾಗೇ ಮಾಡುತ್ತಿದ್ದಳು. ಇಂಗ್ಲಿಷರು ಒಮ್ಮೆ ಕೇಳಿ ಸಿಕ್ಕ ಉತ್ತರ ನಂಬುತ್ತಾರೆ, ನಾನೂ ಅಷ್ಟು ವರ್ಷದಲ್ಲಿ ಹಾಗೇ ಆಗಿಬಿಟ್ಟಿದ್ದೆ. ಕೈಪಿಡಿ ಬರೆದ ಪಂಡಿತ!

ತಿರುಗಿ ನೋಡಿದರೆ ಸರೋಜಮ್ಮನವರ ಹಣೆಯ ಮೇಲೆ ಬೆವರು. ಕೈ ನಡುಗುತ್ತಿತ್ತು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಪ್ಪದೆ, ನೀರಿಲ್ಲದೆಯೇ ನುಂಗಿದ್ದರು, ಹೊಟ್ಟೆಗೆ ಮಾತ್ರ ಏನೂ ಹಾಕಿರಲಿಲ್ಲ. ಮನೆಯಲ್ಲಿದ್ದರೆ ಮಧ್ಯಾಹ್ನ ಮಲಗಿ ಸಂಭಾಳಿಸುತ್ತಿದ್ದರಂತೆ. ಇಲ್ಲಿ ಮಳೆಯಲ್ಲಿ ಗುಡ್ಡ ಹತ್ತಿದ್ದರು. ವುಲ್ವರ್‌ಹ್ಯಾಂಪ್ಟನ್ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞನಾಗಿದ್ದ ಅವರ ಮಗನಿಗೆ ಫೋನ್ ಮಾಡಿದರೆ ಆತ ಆಪರೇಷನ್ ಥಿಯೇಟರಿನಲ್ಲಿದ್ದ. ಆಂಬುಲೆನ್ಸ್ ಹೊಳೆಯಾಚೆ ನಿಂತಿತ್ತು, ಸುತ್ತು ಹಾದಿ ಹಿಡಿದು ಬರಲು ಹೊತ್ತಾಗುತ್ತದೆ ಎಂದರು. ಹೆಲಿಕಾಪ್ಟರ್ ಆ ಮೋಡದಲ್ಲಿ ಏಳುವಂತಿರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಹೆಂಡತಿಗೆ ಫೋನ್ ಮಾಡಿದೆ.

"ರೀ, ಮೊದಲು ಸಿಹಿ ಕೊಡಿ. ಈಗಲೇ" ಎಂದಳು ವಸುಧಾ. "ಪ್ರಜ್ಞೆ ಇರೋವಾಗಲೇ ಕುಡಿಸಿ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕೋ ಹಾಗಿಲ್ಲ. ಭಾಷಣ ಶುರು ಮಾಡ್ಬೇಡಿ ದಯವಿಟ್ಟು."

ಪಾಲಿನ್ ನಾಲ್ಕು ಚಮಚ ಸಕ್ಕರೆ ಕಲಸಿದ ಚಹಾ ತಂದಳು. ಸರೋಜಮ್ಮ ತುಟಿ ಬಿಗಿದು ತಲೆಯಾಡಿಸಿದರು. ನಾನು ಭಾಷಣ ಶುರು ಮಾಡಿದೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ಉಪವಾಸದ ನಿಯಮವಿಲ್ಲ ಎಂದು ಶಾಸ್ತ್ರವೇ ಹೇಳುತ್ತದೆ ಎಂದೆ.

"ನೀವು ದಿನಾ ದೇವರಿಗೆ ದೀಪ ಹಚ್ತೀರಾ?" ಎಂದು ತಡೆತಡೆದು ಕೇಳಿದರು.

"ನಮ್ಮ ಮನೆಯವಳು ಹಚ್ತಾಳೆ."

"ಮತ್ತೆ ನನಗ್ಯಾಕೆ ಶಾಸ್ತ್ರ ಹೇಳ್ತೀರ?"

ಆಗ ಅವರ ತೊಡೆಯ ಮೇಲಿದ್ದ ಫೋನ್ ಬಡಿದುಕೊಂಡಿತು. ತೆರೆಯ ಮೇಲೆ ನಾಗರತ್ನ ಎಂಬ ಹೆಸರು. ಮಗ ಫೋನ್ ಮಾಡಬಹುದು, ಲೈನ್ ಖಾಲಿ ಇರಲಿ ಎಂದು ನಾನು ಅದನ್ನು ಕಟ್ ಮಾಡಿದೆ. ತುರ್ತು ಸಮಯದಲ್ಲಿ ಲೈನ್ ಖಾಲಿ ಇಡಬೇಕು ಎಂಬುದು ನಾನೇ ಬರೆದ ನಿಯಮ. ಮತ್ತೆ ಬಡಿದುಕೊಂಡಿತು. ಮತ್ತೆ ಕಟ್ ಮಾಡಿದೆ.

"ಅಮ್ಮ, ಒಂದೇ ಒಂದು ಗುಟುಕು. ನಿಮ್ಮ ಮಗನ ಮುಖ ನೋಡಿಯಾದ್ರೂ" ಎಂದು ಅಂಗಲಾಚಿದೆ.

ಅವರು ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡರು. ಮಾತು ನಿಧಾನವಾಗುತ್ತಿತ್ತು. "ಸೊಸೆಗೆ ಎರಡು ಸಲ ಹೋಯ್ತಪ್ಪ. ಎರಡು ಸಲವೂ ಮೂರು ತಿಂಗಳಿಗೆ. ಈಗ ಮತ್ತೆ ಮೂರು. ಇಪ್ಪತ್ತೊಂದು ಸಂಕಷ್ಟಿ ಕಟ್ಟುನಿಟ್ಟಾಗಿ ಮಾಡ್ತೀನಿ ಅಂತ ಹರಕೆ ಹೊತ್ತಿದ್ದೀನಿ, ಇವತ್ತಿಂದು ಕೊನೇದು. ಇವತ್ತು ಮುರಿದು, ನಾಳೆ ಆ ಮಗೂಗೆ ಏನಾದ್ರೂ ಆದ್ರೆ? ಅವಳಿಗೆ ಇದು ಗೊತ್ತಿಲ್ಲ. ಹೇಳ್ಬೇಡಿ, ಅವಳ ತಲೆ ಮೇಲೆ ಭಾರ."

ಇಂಥ ಹರಕೆ ನನ್ನ ಕೈಪಿಡಿಯ ಯಾವ ಪುಟದಲ್ಲೂ ಇರಲಿಲ್ಲ. ಒಂದು ಕೈಯಲ್ಲಿ ಚಹಾ ಲೋಟ, ಇನ್ನೊಂದು ಕೈ ಅವರ ಮುಷ್ಟಿಯಲ್ಲಿ, ಹೀಗೆ ಮಂಡಿಯೂರಿ ಕೂತೇ ಇದ್ದೆ. ಬಲವಂತವಾಗಿ ಬಾಯಿಗೆ ಹುಯ್ದುಬಿಡಲೇ ಎಂದೂ ಯೋಚಿಸಿದೆ. ಮೂರನೆಯ ಸಲ ಫೋನ್ ಬಡಿದುಕೊಂಡಿತು. ನಾನು ಬೆರಳು ಚಾಚುವಷ್ಟರಲ್ಲಿ ರಾಜಮ್ಮ ಅದನ್ನು ಕಿತ್ತುಕೊಂಡರು.

"ಯಾಕ್ರೀ ಸುಮ್ಮಸುಮ್ನೆ ಕಟ್ ಮಾಡ್ತೀರಾ? ಅವರ ತಂಗಿ ಅದು, ಮೈಸೂರಿಂದ!"

ಪರದೆಯ ಮೇಲೆ ಕತ್ತಲು ಕತ್ತಲಾದ ಒಂದು ತಾರಸಿ, ಅದರ ನಡುವೆ ಕೈಯಲ್ಲಿ ಪಂಚಪಾತ್ರೆ ಹಿಡಿದ ಒಬ್ಬ ಹೆಂಗಸು. "ಅಕ್ಕಾ, ಎಷ್ಟು ಸಲ ಮಾಡೋದು ಫೋನು? ಮೋಡ ಸರೀತು, ಚಂದ್ರ ಬಂದ. ಈಗ ತಾನೇ ಅರ್ಘ್ಯ ಬಿಟ್ಟೆ, ನೋಡಿಲ್ಲಿ" ಎಂದು ಫೋನನ್ನು ಆಕಾಶದ ಕಡೆ ತಿರುಗಿಸಿದರು. ನಮ್ಮಲ್ಲಿ ಇನ್ನೂ ಚಹಾದ ಹೊತ್ತು, ಕಿಟಕಿಯ ಆಚೆ ಮಳೆಯ ಬೆಳಕು. ಅವರಲ್ಲಿ ರಾತ್ರಿ. ಪರದೆಯಲ್ಲಿ ಅಲುಗಾಡುವ ಒಂದು ಬಿಳಿ ಚುಕ್ಕೆ ಕಾಣಿಸಿತು.

ರಾಜಮ್ಮ ಒಂದೇ ಉಸಿರಿನಲ್ಲಿ ಆಕೆಗೆ ವಿಷಯ ಹೇಳಿದರು. ಸರೋಜಮ್ಮ ಪರದೆಯನ್ನೇ ನೋಡುತ್ತಾ, "ಅದು ನಿನ್ನ ಚಂದ್ರ ಕಣೇ. ನಾನು ಇಲ್ಲಿದ್ದೀನಿ" ಎಂದರು.

"ಯಾವಾಗ ಅಲ್ಲಿಯೋಳಾದೆ ನೀನು?" ನಾಗರತ್ನಮ್ಮ ಗದರಿದರು. "ವೀಸಾ ಆರು ತಿಂಗಳದ್ದು ತಾನೇ? ಅಲ್ಲಿ ನೀನು ನೆಂಟಳು. ಮನೆ ಇಲ್ಲಿ, ದೇವರು ಇಲ್ಲಿ, ಹರಕೆ ಹೊತ್ತಿದ್ದು ಇಲ್ಲಿಯ ಗಣಪತಿಗೆ. ನಿನ್ನ ಚಂದ್ರ ಇದೇ. ಕುಡಿ ಮೊದಲು!"

ಹಾಲಿನಲ್ಲಿದ್ದ ಹಿರಿಯರೆಲ್ಲ ಸುತ್ತ ನೆರೆದಿದ್ದರು. ನಿವೃತ್ತ ನ್ಯಾಯಾಧೀಶರೊಬ್ಬರು ಗಂಟಲು ಸರಿಪಡಿಸಿಕೊಂಡು, "ಅವರ ವಾದದಲ್ಲಿ ಸತ್ವ ಇದೆ" ಎಂದರು. ಒಬ್ಬಿಬ್ಬರು ಫೋನಿನ ಕಡೆ ಕೈಮುಗಿದೂಬಿಟ್ಟರು. ಪಾಲಿನ್ ಏನೆಂದು ತಿಳಿಯದೆ ತಾನೂ ಕೈಮುಗಿದಳು. ಸರೋಜಮ್ಮ ಆ ಚುಕ್ಕೆಯನ್ನು ಕಣ್ತುಂಬ ನೋಡಿದರು. ಆಮೇಲೆ ನೀರು ಕೇಳಿದರು. ಪಾತ್ರೆ ತೊಳೆಯುವ ಪ್ಲಾಸ್ಟಿಕ್ ಬೋಗುಣಿಗೆ ಅರ್ಘ್ಯ ಬಿಟ್ಟರು. ನಾನು ಚಹಾ ಮುಂದೆ ಹಿಡಿದರೆ, ನೈವೇದ್ಯ ಆಗಲಿಲ್ಲವಲ್ಲ ಎಂದರು. ರಾಜಮ್ಮ ಸಕ್ಕರೆ ಬಟ್ಟಲನ್ನು ಪರದೆಗೆ ತೋರಿಸಿ, "ಆಯ್ತು, ಆಯ್ತು, ಗಣಪತಿ ತಿಂದ" ಎಂದು ಲೋಟವನ್ನು ಅವರ ತುಟಿಗೆ ಹಚ್ಚಿದರು. ಅವರು ಕುಡಿದರು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಎರಡನೆಯ ಲೋಟದ ಹೊತ್ತಿಗೆ ಬೆವರು ನಿಂತಿತು. ಟ್ರ್ಯಾಕ್ಟರಿನಲ್ಲಿ ಆಂಬುಲೆನ್ಸಿನ ಹುಡುಗಿ ಬಂದು ಬೆರಳು ಚುಚ್ಚಿ ನೋಡಿ, ಪರವಾಗಿಲ್ಲ ಎಂದಳು. ಸಂಜೆ ನೀರು ಇಳಿದು ಬಸ್ಸು ಹೊರಟಿತು. ಮಗ ಫೋನಿನಲ್ಲಿ, "ಅಮ್ಮ ಯಾಕೆ ಇಷ್ಟು ಹಟ ಹಿಡಿದ್ರು ಅಂಕಲ್?" ಎಂದು ಕೇಳಿದ. ವಿಚಾರಣೆಗಳಲ್ಲಿ ಎಲ್ಲವನ್ನೂ ಸವಿಸ್ತಾರವಾಗಿ ಹೇಳಿ ಅಭ್ಯಾಸವಾಗಿದ್ದ ನಾನು, ಗೊತ್ತಿಲ್ಲಪ್ಪ ಎಂದೆ.

ಮುಂದಿನದು ನಗೆಪಾಟಲು. ಬ್ರೆಂಡಾ ಈ ಕಥೆಯನ್ನು ಎಲ್ಲ ಸಭೆಗಳಲ್ಲೂ ಹೇಳಿಕೊಂಡು ಬಂದಳು. ಮ್ಯಾಂಚೆಸ್ಟರಿನವರು ಉಪನ್ಯಾಸಕ್ಕೆ ಕರೆದರು, ಲೀಡ್ಸಿನವರು ಕರೆದರು. ನಾನು ಸ್ಲೈಡುಗಳನ್ನು ಮಾಡಿಕೊಂಡು, ಪ್ರವಾಸಿಗರ ಸ್ವದೇಶದ ಬಂಧುಗಳನ್ನು ತುರ್ತು ಸಮಯದಲ್ಲಿ ಯೋಜಿತವಾಗಿ ಬಳಸಿಕೊಳ್ಳುವುದು ಹೇಗೆ ಎಂದು ಊರೂರಿಗೆ ಹೋಗಿ ಉಪದೇಶಿಸಿದೆ. ಯೋಜಿತವಾಗಿ! ಆ ಬಂಧುವಿನ ಕರೆಯನ್ನು ಎರಡು ಸಲ ಕಟ್ ಮಾಡಿದ ಸಂಗತಿ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಹರಕೆಯ ವಿಷಯವನ್ನಂತೂ ಹೇಳುವ ಹಾಗೇ ಇರಲಿಲ್ಲ. ಚಪ್ಪಾಳೆ ಮಾತ್ರ ಜೋರಾಗಿ ಬೀಳುತ್ತಿತ್ತು.

ಲೀಡ್ಸಿನಲ್ಲಿ ಉಪನ್ಯಾಸ ಮುಗಿದ ಮೇಲೆ ಧಾರವಾಡದ ಕಡೆಯ ಒಬ್ಬ ಎಂಎಸ್ಸಿ ವಿದ್ಯಾರ್ಥಿನಿ ಬಂದು ಕನ್ನಡದಲ್ಲಿ ಕೇಳಿದಳು: "ಸರ್, ಭಾಳ ಛಲೋ ಆತು. ಆ ಅಜ್ಜಿ ಈಗ ಹೆಂಗದಾರ್ರೀ?"

ನನಗೆ ಗೊತ್ತಿರಲಿಲ್ಲ. ಬಸ್ಸು ಹತ್ತಿಸಿದ ಮೇಲೆ ಒಂದು ಫೋನ್ ಸಹ ಮಾಡಿರಲಿಲ್ಲ. ನಮ್ಮ ಕೆಲಸದಲ್ಲಿ ಬಸ್ಸು ಹೊರಟರೆ ಪ್ರಕರಣ ಮುಗಿಯಿತು. ಮನೆಗೆ ಬರುವ ರೈಲಿನಲ್ಲಿ ಅವರ ಮಗನ ನಂಬರ್ ಹುಡುಕಿ ಒತ್ತುವಾಗ ನನ್ನ ಬೆರಳು ಹಿಂದೇಟು ಹಾಕಿತು. ಕೇಳಬಾರದ ಸುದ್ದಿ ಕೇಳಬೇಕಾದೀತು ಎಂಬ ಹೆದರಿಕೆ.

"ಅಂಕಲ್! ನಾವೇ ಮಾಡೋಣ ಅಂತಿದ್ವಿ" ಎಂದ ಆತ. "ಬರೋ ಭಾನುವಾರ ಮಗಳ ನಾಮಕರಣ. ಅಮ್ಮ ನಿಮ್ಮನ್ನ ಬಿಟ್ಟು ಬೇರೆ ಯಾರನ್ನೂ ಕರೀದಿದ್ರೂ ಪರವಾಗಿಲ್ಲ ಅಂತಿದ್ದಾರೆ."

ವುಲ್ವರ್‌ಹ್ಯಾಂಪ್ಟನ್ನಿನ ಆ ಮನೆ ಜನರಿಂದ ತುಂಬಿತ್ತು. ಮೈಸೂರಿಗೆ ಹೋಗಿ ಮತ್ತೆ ಬಂದಿದ್ದ ಸರೋಜಮ್ಮ ಎಲ್ಲರಿಗೂ ಹೋಳಿಗೆ ಬಡಿಸುತ್ತಿದ್ದರು. ನನ್ನನ್ನು ಕಂಡವರೇ ತಟ್ಟೆಯನ್ನು ಅವರಂತೆಯೇ ಮತ್ತೆ ಬಂದಿದ್ದ ರಾಜಮ್ಮನ ಕೈಗಿತ್ತು, ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದರು. ಆಗ ನೋಡಿದೆ, ಅವರು ಬಹಳ ಇಳಿದುಹೋಗಿದ್ದರು. ನಾನು ಏನೋ ಹೇಳಬೇಕೆಂದು, "ನೀವು ಅವತ್ತು ಗೆದ್ದುಬಿಟ್ರಿ ಅಮ್ಮ" ಎಂದೆ.

"ಏನ್ ಗೆದ್ದೆನೋ" ಎಂದರು. "ಆ ಚಂದ್ರ ಲೆಕ್ಕಕ್ಕೆ ಬಂದನೋ ಇಲ್ವೋ ಅಂತ ಇವಳು ಹುಟ್ಟೋವರೆಗೂ ನಾನು ನಿದ್ದೆ ಮಾಡಿಲ್ಲ. ಸೊಸೆ ಸ್ಕ್ಯಾನಿಗೆ ಹೋದಾಗೆಲ್ಲ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಕೂತಿರ್ತಿದ್ದೆ. ಯಾರ ಹತ್ರ ಹೇಳ್ಕೊಳ್ಳಲಿ? ತಂಗಿ ಗದರ್ತಾಳೆ, ಅವಳನ್ನ ಬಿಟ್ರೆ ಗೊತ್ತಿದ್ದೋರು ನೀವೊಬ್ರು. ಫೋನ್ ಬರತ್ತೇನೋ ಅಂತ ನೋಡ್ತಿದ್ದೆ."

ಎಲ್ಲ ಊರುಗಳ ಚಪ್ಪಾಳೆ ಒಟ್ಟಿಗೆ ನನ್ನ ಕೆನ್ನೆಗೆ ಬಿದ್ದಂತಾಯಿತು. ನಾನು ಸ್ಲೈಡು ತಿರುಗಿಸುತ್ತಿದ್ದ ಆ ತಿಂಗಳುಗಳಲ್ಲೆಲ್ಲ ಈ ಹೆಂಗಸಿನ ನೆರೆ ಇಳಿದೇ ಇರಲಿಲ್ಲ. ತಪ್ಪಾಯಿತು ಎಂದೆ. ಅವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ತೊಟ್ಟಿಲಿನಿಂದ ಮಗುವನ್ನು ಎತ್ತಿ ನನ್ನ ಕೈಯಲ್ಲಿಟ್ಟರು. ಅದು ಬೆಚ್ಚಗಿತ್ತು. ನನ್ನ ಮುಖ ನೋಡಿದ್ದೇ ತಡ, ಕಿಟಾರನೆ ಅಳತೊಡಗಿತು.

"ಈಗ ನಿದ್ದೆ ಬರತ್ತಾ ಅಮ್ಮ?" ಎಂದು ಅಳುವಿನ ನಡುವೆಯೇ ಕೇಳಿದೆ.

"ಎಲ್ಲಿ ಬರತ್ತೆ?" ಎಂದು ಸರೋಜಮ್ಮ ಬಾಯಿತುಂಬ ನಕ್ಕರು. "ಇವಳು ಬಿಡಬೇಕಲ್ಲ!"